ತೂತು ಮೇಷ್ಟ್ರು

ನನಗೆ ಪ್ರೋಗ್ರಾಮಿಂಗ್ ಕಲಿಸಿದವರು ಆರು ವರ್ಷಗಳಿಂದ ಕಂಪ್ಯೂಟರ್ ಇದ್ದ ಕೋಣೆಗೆ ಕಾಲಿಟ್ಟವರಲ್ಲ. ನಮ್ಮ ಕಚೇರಿಯ ನೆಲಮಾಳಿಗೆಯಲ್ಲಿ ಖಾಲಿ ಕಾರ್ಡುಗಳ ಉಗ್ರಾಣ ನೋಡಿಕೊಂಡು ಕೂತಿರುತ್ತಿದ್ದರು. ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು, ಬೆಳಕು ಯಾವ ಕಡೆ ಇದೆ ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ನಾವು ಹುಡುಗಿಯರು ಬೆನ್ನ ಹಿಂದೆ ಅವರನ್ನು ತೂತು ಮೇಷ್ಟ್ರು ಎನ್ನುತ್ತಿದ್ದೆವು. ಮೇಷ್ಟ್ರು ಎಂದರೆ ಯಾರಿಗೋ ಪಾಠ ಹೇಳಿದವರು ಎಂದಲ್ಲ. ಗಂಟಲು ಸರಿಮಾಡಿಕೊಂಡು, ಒಂದೊಂದೇ ಮಾತು ತೂಗಿ ಆಡುವ ರೀತಿಗೆ ಬಂದ ಹೆಸರು ಅದು. ತೂತು ಯಾಕೆ ಬಂತು ಎನ್ನುವುದಕ್ಕೆ ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಆ ಕಾಲದ ಕಂಪ್ಯೂಟರಿಗೆ ಏನು ಹೇಳಬೇಕಾದರೂ ದಪ್ಪ ಕಾಗದದ ಕಾರ್ಡಿನಲ್ಲಿ ತೂತು ಕೊರೆದು ಹೇಳಬೇಕಿತ್ತು. ಮೂರನೇ ಮಹಡಿಯ ಪ್ರೋಗ್ರಾಮರುಗಳು ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಕಳಿಸುತ್ತಿದ್ದರು. ಒಂದು ಸಾಲಿಗೆ ಒಂದು ಕಾರ್ಡು. ಅದನ್ನು ಕೊರೆಯುವುದು ಎರಡನೇ ಮಹಡಿಯಲ್ಲಿದ್ದ ನಮ್ಮ ಹದಿನಾಲ್ಕು ಜನರ ಕೆಲಸ. ಹದಿನಾಲ್ಕು ಯಂತ್ರಗಳು ಒಟ್ಟಿಗೆ ಕಟಕಟ ಎನ್ನುವಾಗ ಪಕ್ಕದವಳಿಗೆ ಗುಟ್ಟು ಹೇಳಬೇಕಾದರೂ ಕಿರುಚಬೇಕು, ಹಾಗಾಗಿ ನಮ್ಮಲ್ಲಿ ಯಾರ ಗುಟ್ಟೂ ಉಳಿಯುತ್ತಿರಲಿಲ್ಲ. ಸಂಜೆ ತಲೆ ಬಾಚಿದರೆ ಕೂದಲಿನಿಂದ ನುಚ್ಚಿನಂಥ ಕಾಗದದ ಚೂರು ಉದುರುತ್ತಿತ್ತು. ಇವತ್ತಿಗೂ ಹೊಸ ರಟ್ಟಿನ ಪೆಟ್ಟಿಗೆ ತೆರೆದಾಗ ಆ ವಾಸನೆ ಬಂದರೆ ನಾನು ಒಂದು ಗಳಿಗೆ ಹಾಗೇ ನಿಂತುಬಿಡುತ್ತೇನೆ.

ನಮ್ಮ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದೆವು. ಅವಳಿಗೆ ಎರಡೇ ಕಾನೂನು. ಮೊದಲನೆಯದು, “ಕಣ್ಣಿಂದ ನೇರ ಬೆರಳಿಗೆ. ನಡುವೆ ತಲೆ ಬರಬಾರ್ದು.” ಹಾಳೆಯಲ್ಲಿ ಏನಿದೆಯೋ ಅದನ್ನು ಒತ್ತುವುದು, ಯೋಚಿಸಬಾರದು. ಎರಡನೆಯದು, ಒಬ್ಬಳು ಕೊರೆದ ಕಾರ್ಡುಗಳನ್ನು ಇನ್ನೊಬ್ಬಳೇ ಪರೀಕ್ಷಿಸಬೇಕು. ಅಂದರೆ ಎರಡನೆಯವಳು ಅದೇ ಹಾಳೆ ನೋಡಿ ಅದೇ ಕಾರ್ಡುಗಳ ಮೇಲೆ ಮತ್ತೊಮ್ಮೆ ಒತ್ತುತ್ತಾಳೆ; ಎಲ್ಲಿ ವ್ಯತ್ಯಾಸವೋ ಅಲ್ಲಿ ಯಂತ್ರ ಕೆಂಪು ದೀಪ ಹಚ್ಚುತ್ತದೆ. ಕೊರೆದವಳೇ ಪರೀಕ್ಷಿಸಿದರೆ ಪ್ರಯೋಜನವಿಲ್ಲ, ಒಮ್ಮೆ ಎಡವಿದ ಕಣ್ಣು ಅಲ್ಲೇ ಮತ್ತೊಮ್ಮೆ ಎಡವುತ್ತದೆ. ಈ ಕಾನೂನು ಮುರಿದವಳನ್ನು ಅವತ್ತೇ ಮನೆಗೆ ಕಳಿಸಬಹುದು ಎಂದು ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ್ದರು.

ನನ್ನ ಯಂತ್ರದ ನಂಬರು ಏಳು, ಕೆಲಸದ ಚೀಟಿಗಳಲ್ಲಿ ನನ್ನ ಗುರುತೂ ಅದೇ. ಅಡ್ಡಹೆಸರು ಪಟಾಕಿ. ಯಾಕೆ ಎಂದು ಈಗ ಹೇಳುವುದಿಲ್ಲ, ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ನಾನು ಸೇರಿ ಏಳನೇ ವರ್ಷಕ್ಕೆ ಗೋಡೆಯ ಮೇಲೆ ಇನ್ನೊಂದು ಕಾಗದ ಬಂತು. ಹೊಸ ಯಂತ್ರ ಬರುತ್ತದೆ, ಇನ್ನು ಪ್ರೋಗ್ರಾಮರುಗಳು ತಾವೇ ಪರದೆ ನೋಡಿ ಟೈಪ್ ಮಾಡುತ್ತಾರೆ, ಕಾರ್ಡಿನ ಕೋಣೆ ಮುಚ್ಚುತ್ತದೆ. ಮೂರು ತಿಂಗಳಲ್ಲಿ ಒಂದು ಪರೀಕ್ಷೆ. ಪ್ರೋಗ್ರಾಂ ಬರೆದು ತೋರಿಸಿದ ಇಬ್ಬರು ಮೂರನೇ ಮಹಡಿಗೆ, ಉಳಿದವರು ಮನೆಗೆ. ನನಗೆ ಮೂವತ್ತೊಂದು. ಮನೆಯಲ್ಲಿ ನಾನು, ಅಮ್ಮ. ದುಡಿಯುವ ಕೈ ನನ್ನದೊಂದೇ. ಆ ಮೂರನೇ ಮಹಡಿ ಸಿಗದಿದ್ದರೆ ಮುಂದೇನು ಎನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

“ಏಳು ವರ್ಷ ಅದನ್ನೇ ಒತ್ತಿದ್ದೀಯಲ್ಲೇ, ಇಷ್ಟು ಹೊತ್ತಿಗೆ ಬಂದಿರ್ಬೇಕಲ್ಲ?” ಎಂದಳು ಅಮ್ಮ.

“ಒಂದಕ್ಷರ ಗೊತ್ತಿಲ್ಲಮ್ಮ.”

“ಹಾಗಾದ್ರೆ ಏಳು ವರ್ಷ ಏನು ಕಿಸಿದೆ?”

ಅಮ್ಮನ ಪ್ರಶ್ನೆಗೆ ಉತ್ತರ ಕೊಡುವ ಬದಲು ನಾನು ಪಾಠ ಹೇಳುವವರನ್ನು ಹುಡುಕಲು ಹೊರಟೆ. ಚಪ್ಪಲಿ ಅಂಗಡಿಯ ಮೇಲಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ನಲವತ್ತು ಜನ, ಒಂದು ಕಪ್ಪುಹಲಗೆ. ಕಂಪ್ಯೂಟರ್ ಎಂದರೇನು ಎನ್ನುವುದನ್ನು ಎರಡು ವಾರ ಬರೆಸಿದರು. ಮೂರನೇ ವಾರ ನಾನು ಎದ್ದು ನಿಂತು, ಏನು ಎನ್ನುವುದು ಆಯಿತು, ಅದಕ್ಕೆ ಕೆಲಸ ಹೇಳುವುದು ಹೇಗೆ ಎಂದು ಕೇಳಿದೆ. ಅದು ಮುಂದಿನ ಕೋರ್ಸು ಎಂದರು. ಆಮೇಲೆ ಒಬ್ಬ ಕಾಲೇಜು ಹುಡುಗ ಮನೆಗೇ ಬಂದು ಹೇಳಿಕೊಡುತ್ತೇನೆಂದ. ಬಂದವನು ಅಮ್ಮ ಮಾಡಿದ ಚಹಾ ಕುಡಿಯುತ್ತಾ ತಾನು ಎಷ್ಟು ಬುದ್ಧಿವಂತ ಎಂದು ನಾಲ್ಕು ದಿನ ಹೇಳಿದ. ಐದನೇ ದಿನ ಚಹಾ ಕೊಡಲಿಲ್ಲ, ಆರನೇ ದಿನ ಬರಲಿಲ್ಲ. ಮೂರನೇ ಮಹಡಿಯ ಒಬ್ಬ ಮಹಾಶಯ, “ಹೆಂಡ್ತಿ ಊರಲ್ಲಿಲ್ಲ, ಭಾನುವಾರ ಮನೆಗೆ ಬಾ, ನಿಧಾನಕ್ಕೆ ಹೇಳಿಕೊಡ್ತೀನಿ,” ಎಂದ. ಅವನಿಗೆ ನಾನು ಮೆಟ್ಟಿಲ ಮೇಲೇ, ಹೋಗಿಬರುವವರಿಗೆಲ್ಲ ಕೇಳುವ ಹಾಗೆ, ಸರಿಯಾಗಿ ಪಾಠ ಹೇಳಿದೆ. ಹೀಗೆ ಒಂದು ತಿಂಗಳು ಕೈಬಿಟ್ಟು ಹೋಯಿತು.

ಒಂದು ದಿನ ಖಾಲಿ ಕಾರ್ಡು ತರಲು ಉಗ್ರಾಣಕ್ಕೆ ಇಳಿದೆ. ಕೈಯಲ್ಲಿ ಅವತ್ತು ಕೊರೆದ ಒಂದು ಚಿಕ್ಕ ಕಟ್ಟಿತ್ತು. ಮೇಜಿನ ಮೇಲಿಟ್ಟು, ಕಾರ್ಡು ಪಡೆಯಲು ತಂದ ಚೀಟಿ ಹುಡುಕುತ್ತಿದ್ದಾಗ ಮೇಷ್ಟ್ರು ಅದನ್ನು ಎತ್ತಿಕೊಂಡು, ಒಂದೊಂದೇ ಕಾರ್ಡಿನ ತೂತುಗಳ ಮೇಲೆ ತೋರುಬೆರಳು ಎಳೆದರು. ಅವರಿಗೆ ಆ ಹೆಸರು ಬಂದದ್ದು ಇದಕ್ಕೇ. ಹುಡುಗಿಯರ ಪ್ರಕಾರ ಅದು ಹೊತ್ತುಹೋಗದ ಮುದುಕನ ಚಟ.

“ಆರನೇ ಕಾರ್ಡಲ್ಲಿ ಎಣಿಕೆ ಸೊನ್ನೆ ಮಾಡೋದು ಮರೆತಿದ್ದಾನೆ,” ಎಂದರು. “ಎರಡನೇ ಸಲ ಓಡಿಸಿದ್ರೆ ಹಳೇ ಲೆಕ್ಕದ ಮೇಲೇ ಹೊಸ ಲೆಕ್ಕ ಹತ್ತಿ ಕೂರತ್ತೆ. ಯಾವ ಕತ್ತೆ ಬರೆದಿದ್ದು ಇದನ್ನ?”

ಮೆಟ್ಟಿಲ ಮೇಲಿನ ಮಹಾಶಯನೇ ಬರೆದದ್ದು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಲ್ಲೇ ಪೆಟ್ಟಿಗೆಯ ಮೇಲೆ ಕೂತು, “ಸರ್, ನಂಗೆ ಪಾಠ ಹೇಳಿಕೊಡಿ,” ಎಂದೆ.

“ನಾನು ಯಾರಿಗೂ ಹೇಳಲ್ಲ.”

“ನಾನು ಯಾರೋ ಅಲ್ಲ, ಒಬ್ಬಳೇ. ಊಟದ ಅರ್ಧ ಗಂಟೆ ಸಾಕು.”

“ಪ್ರೋಗ್ರಾಂ ಬರೆಯೋದು ಬಿಟ್ಟು ಆರು ವರ್ಷ ಆಯ್ತಮ್ಮ. ಮರೆತಿದ್ದೀನಿ.”

“ಈಗಷ್ಟೇ ಒಬ್ಬನ್ನ ಕತ್ತೆ ಅಂದ್ರಲ್ಲ, ಅಷ್ಟು ನೆನಪಿದ್ರೆ ಧಾರಾಳ ಆಯ್ತು.”

ಮುಖ ಗಂಟು ಹಾಕಿಕೊಂಡೇ ನಕ್ಕರು. ಆಮೇಲೆ ಒಂದು ಷರತ್ತು ಹಾಕಿದರು: ಬರೆದದ್ದನ್ನು ಓದಿ ಹೇಳಬಾರದು, ಕಾರ್ಡು ಕೊರೆದೇ ತರಬೇಕು. ಬಾಯಲ್ಲಿ ಓದಿದರೆ ತಪ್ಪೂ ಸರಿಯಂತೆ ಕೇಳಿಸುತ್ತದಂತೆ.

ಮರುದಿನದಿಂದ ಶುರು. ಉಗ್ರಾಣದ ಒಂದು ಕಪಾಟಿನಲ್ಲಿ ಹನ್ನೆರಡು ಖಾಲಿ ಡಬ್ಬ ಸಾಲಾಗಿ ಇಟ್ಟಿದ್ದರು. ಅವೇ ಕಂಪ್ಯೂಟರಿನ ನೆನಪು. ಅಂಗಿ ಗುಂಡಿಗಳೇ ಅಂಕಿ. ಕಂಪ್ಯೂಟರ್ ನಾನು. “ಮೂರರಿಂದ ಎರಡು ಗುಂಡಿ ತೆಗೆದು ಐದಕ್ಕೆ ಹಾಕು. ಐದು ಖಾಲಿಯಾ ನೋಡು. ಅಲ್ಲದಿದ್ರೆ ಮೊದಲನೇ ಸಾಲಿಗೆ ಹೋಗು,” ಎಂದು ಅವರು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಒಂದು ದಿನ ಅವರು ಹೇಳಿದಂತೆ ಮಾಡುತ್ತಾ ನಾನು ಕಪಾಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಕಪಾಟಿಗೆ ಒಂಬತ್ತು ಸುತ್ತು ಹಾಕಿದೆ. ಹತ್ತನೆಯದಕ್ಕೆ ಅವರೇ ತಡೆದರು.

“ಎಷ್ಟು ಸುತ್ತು ಹಾಕ್ತೀಯ?”

“ನೀವು ನಿಲ್ಸು ಅನ್ನೋ ತನಕ.”

“ಇದು ಮುಗಿಯೋದೇ ಇಲ್ಲ ಅಂತ ಗೊತ್ತಾಗ್ಲಿಲ್ವಾ?”

“ಎರಡನೇ ಸುತ್ತಿಗೇ ಗೊತ್ತಾಯ್ತು.”

“ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?”

“ಕೇಳೋದು ನನ್ನ ಕೆಲಸ ಅಲ್ಲ ಸರ್.”

“ಇಷ್ಟು ಬಾಯಿಬಡುಕಿ ನೀನು, ಊರೆಲ್ಲಾ ಜಗಳ ಆಡ್ತೀಯ. ಹಾಳೆ ಎದುರಿಗೆ ಮಾತ್ರ ನಿನ್ನ ತಲೆಗೆ ಬೀಗ ಹಾಕಿದ್ದು ಯಾರು?” ಎಂದರು. ನನಗೆ ಅವಮಾನವಾಯಿತು. ಅಂದು ಊಟ ಸೇರಲಿಲ್ಲ. ಮರುದಿನದಿಂದ ಅವರು ಬೇಕೆಂದೇ ತಪ್ಪು ಸೇರಿಸಿ ಹೇಳುವುದು, ನಾನು “ಸರ್, ಇದು ಆಗಲ್ಲ,” ಎಂದು ಕೂಗುವುದು ಆಟವಾಯಿತು. ಒಂದು ದಿನ ಅವರು ಸರಿಯಾಗಿಯೇ ಹೇಳಿದ್ದಕ್ಕೂ ಕೂಗಿದೆ. ಬೈಸಿಕೊಂಡೆ.

ಎಷ್ಟು ಚಂದದ ಅರ್ಧ ಗಂಟೆಗಳು ಅವು! ಮೇಲೆ ಕಿಟಕಿಯ ಕಂಬಿಯಾಚೆ ಬೀದಿಯಲ್ಲಿ ಓಡಾಡುವವರ ಕಾಲುಗಳಷ್ಟೇ ಕಾಣುತ್ತಿದ್ದವು. ನನ್ನ ಡಬ್ಬಿ ಒಂದು ಕಡೆ, ಅವರ ಬ್ರೆಡ್ಡು ಒಂದು ಕಡೆ. ತೂತುಗಳ ಮೇಲೆ ಬೆರಳು ಎಳೆಯುತ್ತಾ ಅವರು “ಹೂಂ” ಎಂದರೆ ಸರಿ, “ಹೂಂ?” ಎಂದರೆ ತಪ್ಪು. ನಲವತ್ತು ಜನರಿಗೆ ಒಟ್ಟಿಗೆ ಹೇಳಿದ ಮಾತು ಯಾರಿಗೂ ಸೇರಿದ್ದಲ್ಲ. ಇಲ್ಲಿ ಪ್ರತಿ “ಹೂಂ” ಕೂಡ ನನಗಾಗಿ ಬಂದದ್ದು. ಆಮೇಲೆ ನಾನು ಎಷ್ಟೋ ಕಡೆ ಎಷ್ಟೋ ಕಲಿತೆ, ಆದರೆ ಹಾಗೆ ಯಾರೂ ನನ್ನೊಬ್ಬಳ ತಲೆಯೊಳಗೆ ಇಳಿದು ಕೂರಲಿಲ್ಲ.

ಪರೀಕ್ಷೆಗೆ ಮೂರು ವಾರ ಉಳಿದಾಗ ಮೇಷ್ಟ್ರು ಮೇಜಿನ ಖಾನೆಯಿಂದ ದಾರ ಕಟ್ಟಿದ ಒಂದು ಹಾಳೆಗಳ ಕಟ್ಟು ತೆಗೆದರು. “ಇದು ನಾನು ಮೂರನೇ ಮಹಡೀಲಿ ಬರೆದ ಕೊನೇ ಪ್ರೋಗ್ರಾಂ. ಮನೆ ಮನೆ ಎಣಿಸೋ ಲೆಕ್ಕ. ಹೊಸ ಕಾಲಂ ಸೇರಿಸಿ ಮತ್ತೆ ಬರೆದುಕೊಟ್ಟೆ. ಆಗ ಕಣ್ಣು ಮಂಜಾಗ್ತಾ ಇತ್ತು. ಪ್ರತಿ ಬೀದೀಲೂ ಒಂದೊಂದು ಮನೆ ಕಡಿಮೆ ಬಂತು. ನಾಲ್ಕು ತಿಂಗಳಾದ್ಮೇಲೆ ಗೊತ್ತಾಯ್ತು. ಎಲ್ಲಾರೂ ಕಣ್ಣು ಹೋಯ್ತು ಪಾಪ ಅಂದ್ರು. ನನಗೇ ನಾಚಿಕೆಯಾಗಿ ಕೆಳಗೆ ಹಾಕಿ ಅಂತ ಕೇಳ್ಕೊಂಡೆ.”

“ತಪ್ಪು ಎಲ್ಲಿತ್ತು ಸರ್?”

“ಯಾರೂ ಹೇಳ್ಲಿಲ್ಲ. ಇನ್ನೊಬ್ಬರ ಕೈಲಿ ಓದಿಸಿ ಕೇಳೋಕೆ ನಂಗೂ ಧೈರ್ಯ ಆಗ್ಲಿಲ್ಲ. ನೀನು ಹುಡುಕು. ಸಿಕ್ಕಿದ್ರೆ ಪರೀಕ್ಷೆ ಪಾಸ್ ಅಂತಾನೇ ತಿಳ್ಕೋ.”

ಮೂರು ದಿನ ಆ ನಲವತ್ತೊಂದು ಸಾಲುಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಮನೆಯಲ್ಲಿ ಅಮ್ಮನ ಡಬ್ಬಗಳನ್ನೆಲ್ಲ ಸಾಲಾಗಿಟ್ಟು ಗುಂಡಿ ಹಾಕಿ ಓಡಿಸಿದೆ. ಒಂದು ಮನೆಯೂ ತಪ್ಪಲಿಲ್ಲ. ಬರೆದದ್ದರಲ್ಲಿ ತಪ್ಪೇ ಇರಲಿಲ್ಲ. ತಲೆ ಕೆಟ್ಟು, ದಾಖಲೆ ಕೋಣೆಗೆ ಹೋಗಿ ಆಗಿನ ಕಾರ್ಡಿನ ಕಟ್ಟನ್ನೇ ಹುಡುಕಿ ತೆಗೆದೆ. ಎಣಿಸಿದೆ, ನಲವತ್ತು. ಮತ್ತೆ ಎಣಿಸಿದೆ, ನಲವತ್ತೇ. ಹಾಳೆಯಲ್ಲಿ ಇಪ್ಪತ್ತೆರಡನೇ ಸಾಲೂ ಇಪ್ಪತ್ತಮೂರನೇ ಸಾಲೂ ಅಕ್ಕತಂಗಿಯರ ಹಾಗೆ ಒಂದೇ ರೀತಿ ಇದ್ದವು. ಇಪ್ಪತ್ತಮೂರು, ಅಂದರೆ ಬೀದಿ ಮುಗಿದಾಗ ಕೊನೆಯ ಮನೆಯನ್ನೂ ಸೇರಿಸು ಎನ್ನುವ ಸಾಲು, ಕಟ್ಟಿನಲ್ಲಿರಲಿಲ್ಲ. ಯಾವಳೋ ಒಬ್ಬಳ ಕಣ್ಣು ಒಂದು ಸಾಲು ಹಾರಿತ್ತು.

ಯಾವಳಪ್ಪಾ ಅವಳು ಎಂದು ಕಟ್ಟಿಗೆ ಸಿಕ್ಕಿಸಿದ ಚೀಟಿ ನೋಡಿದೆ. ಕೊರೆದವರು: ಏಳು. ಪರೀಕ್ಷಿಸಿದವರು: ಏಳು.

ನಾನು ಸೇರಿದ ಮೊದಲನೇ ವರ್ಷ, ನನ್ನ ಜೊತೆಗಾತಿ ರಜೆಯಲ್ಲಿದ್ದ ವಾರ ಅದು. ಮೇಲಿನಿಂದ ಅವಸರ ಅವಸರ ಎಂದು ಕೂಗುತ್ತಿದ್ದರು. ಪರೀಕ್ಷಿಸುವವರಿಲ್ಲ ಎಂದು ನಾನೇ ಪಕ್ಕದ ಯಂತ್ರಕ್ಕೆ ಜರುಗಿ ಕೂತು ನನ್ನದನ್ನೇ ಮತ್ತೊಮ್ಮೆ ಒತ್ತಿ ಕಳಿಸಿದ್ದೆ. ಒಂದು ಸಲವೂ ಕೆಂಪು ದೀಪ ಹತ್ತಲಿಲ್ಲ ಎಂದು ಅಂದು ಹಿಗ್ಗಿದ್ದು ಕೂಡ ನೆನಪಾಯಿತು. ಬೇಗ ಮುಗಿಸಿದೆನೆಂದು ದೊಡ್ಡಕ್ಕ ಬೆನ್ನು ತಟ್ಟಿದ್ದಳು, ಚೀಟಿ ಅವಳೂ ನೋಡಿರಲಿಲ್ಲ.

ಈಗ ಅವಳಿಗೆ ಮಾತ್ರ ಹೇಳಿದೆ. ಅವಳು ಬಾಗಿಲು ಹಾಕಿ, “ನಿಂಗೇನು ತಲೆ ನೆಟ್ಟಗಿದ್ಯಾ? ಇದು ಹೊರಗೆ ಬಂದ್ರೆ ಪರೀಕ್ಷೆಗೆ ಕೂರ್ಸೋದಿರ್ಲಿ, ನಾಳೇನೇ ಗೇಟಿನಾಚೆ. ಬಾಯಿಗೆ ಬೀಗ ಹಾಕ್ಕೋ,” ಎಂದಳು. ಹಾಕಿಕೊಂಡೆ. ನಾಲ್ಕು ದಿನ ಮೇಷ್ಟ್ರ ಮುಂದೆ ಕೂತು, ಇನ್ನೂ ಹುಡುಕುತ್ತಿದ್ದೇನೆ ಎಂದು ಸುಳ್ಳು ಹೇಳಿದೆ. ಇದನ್ನು ಬರೆಯುವಾಗಲೂ ಕೈ ಹಿಂಜರಿಯುತ್ತದೆ, ಆದರೆ ನಿಜ.

ಐದನೇ ದಿನ ಅವರೇ ಮಾತು ತೆಗೆದರು. “ಸಿಕ್ಕಿರ್ಬೇಕು ನಿಂಗೆ. ಹೇಳೋಕೆ ಸಂಕೋಚ, ಅಲ್ವಾ? ಪರವಾಗಿಲ್ಲ, ಹೇಳು. ಅವತ್ತು ಕಣ್ಣೊಂದೇ ಅಲ್ಲ, ತಲೇನೂ ಹೋಯ್ತು ಅಂತ ನಾನೇ ಒಪ್ಕೊಂಡಾಗಿದೆ. ಅದಕ್ಕೇ ಆಮೇಲೆ ಒಂದು ಸಾಲೂ ಬರೀಲಿಲ್ಲ.”

ನನಗೆ ತಡೆಯಲಾಗಲಿಲ್ಲ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ. ಹಾಳೆ ಸರಿಯಿತ್ತು, ಸಾಲು ಬಿಟ್ಟವಳು ನಾನು, ಪರೀಕ್ಷಿಸಿದವಳೂ ನಾನು, ನಾಲ್ಕು ದಿನದಿಂದ ಗೊತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಟ್ಟು, ಕಪಾಟಿನ ಡಬ್ಬಗಳನ್ನು ತಡಕಿ ತಡಕಿ ಒಂದೊಂದಾಗಿ ಕೆಳಗಿಳಿಸಿದರು. ಗುಂಡಿಗಳೆಲ್ಲ ನೆಲದ ಮೇಲೆ ಚೆಲ್ಲಿದವು, ನಾನು ಆರಿಸಲು ಬಗ್ಗಿದೆ.

“ಬಿಡು,” ಎಂದರು. “ಇನ್ಮೇಲೆ ಕಾರ್ಡು ಬೇಕಿದ್ರೆ ಚೀಟಿ ತಗೊಂಡು ಬಾ. ಚೀಟಿ ಇಲ್ದೆ ಬರ್ಬೇಡ.”

ಆ ದಿನವೇ ಒಂದು ಅರ್ಜಿ ಬರೆದೆ, ನಡೆದದ್ದನ್ನೆಲ್ಲ. ಪರೀಕ್ಷೆ ಹೋದರೆ ಹೋಗಲಿ ಎಂದುಕೊಂಡು ಮೇಲಧಿಕಾರಿಯ ಕೋಣೆಗೆ ಹೋಗಿ ಕೊಟ್ಟೆ. ಅವರು ಎರಡು ಸಲ ಓದಿದರು.

“ಇದನ್ನ ತಗೊಂಡ್ರೆ ಹಳೇ ಫೈಲ್ ತೆಗೀಬೇಕು. ಫೈಲ್ ತೆಗೆದ್ರೆ, ಆಗ ವಿಚಾರಿಸದೆ ತಪ್ಪು ಅವರದೇ ಅಂತ ಸಹಿ ಹಾಕಿದ್ದು ಯಾರು ಅಂತ ಬರತ್ತೆ.”

“ಯಾರು ಸರ್?”

“ನಾನೇ.” ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ವಾಪಸ್ ಕೊಟ್ಟರು. “ಇದು ನನ್ನ ಮೇಜಿಗೆ ಬರಲೇ ಇಲ್ಲ. ಹೋಗಿ ಪರೀಕ್ಷೆಗೆ ಓದ್ಕೊಳ್ಳಿ.”

ಮೆಟ್ಟಿಲಿಳಿಯುವಾಗ ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮಾಡಬೇಕಾದ್ದು ಮಾಡಿದೆ ಎಂದು ಕೈ ತೊಳೆದುಕೊಳ್ಳಬಹುದಿತ್ತು, ಆದರೆ ಉಗ್ರಾಣದಲ್ಲಿ ಕೂತವರಿಗೆ ಅದರಿಂದ ಒಂದು ಕಾಸಿನ ಉಪಯೋಗವೂ ಆಗಿರಲಿಲ್ಲ. ಜನರ ಬಾಯಲ್ಲಿ ಅವರು ಇನ್ನೂ ಕಣ್ಣು ಹೋಗಿ ಲೆಕ್ಕ ಕೆಡಿಸಿದವರೇ.

ಪರೀಕ್ಷೆ ಬರೆದೆ, ಪಾಸಾದೆ. ಹದಿನಾಲ್ಕು ಜನರಲ್ಲಿ ಆಯ್ಕೆಯಾದ ಇಬ್ಬರಲ್ಲಿ ನಾನೊಬ್ಬಳು. ಅಮ್ಮ ಇಡೀ ಬೀದಿಗೆ ಸಕ್ಕರೆ ಹಂಚಿದಳು. ನಾನು ಪ್ರತಿ ಎರಡು ದಿನಕ್ಕೊಮ್ಮೆ ಚೀಟಿ ತೆಗೆದುಕೊಂಡು ಉಗ್ರಾಣಕ್ಕೆ ಹೋದೆ. ಅವರು ಚೀಟಿ ತೆಗೆದುಕೊಂಡು ಕಾರ್ಡು ಕೊಟ್ಟರು. ಒಂದು ಮಾತಿಲ್ಲ. ಹೀಗೆ ಎರಡು ತಿಂಗಳು.

ಮೂರನೇ ಮಹಡಿಯಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಹಳೆಯ ಪ್ರೋಗ್ರಾಮುಗಳನ್ನು ಕಡೆಯ ಸಲ ಕಾರ್ಡಿನಲ್ಲಿ ಸರಿಮಾಡಿ ಹೊಸ ಯಂತ್ರಕ್ಕೆ ಸಾಗಿಸುವುದು. ಮನೆ ಎಣಿಸುವ ಲೆಕ್ಕಕ್ಕೆ ಆಮೇಲೆ ಇನ್ನಾರೋ ಬರೆದ ಇನ್ನೂರು ಸಾಲಿನ ಪ್ರೋಗ್ರಾಂ ಓಡುತ್ತಿತ್ತು, ಕುಂಟುತ್ತಾ. ನನ್ನ ಹತ್ತಿರವೇ ಉಳಿದಿದ್ದ ಮೇಷ್ಟ್ರ ನಲವತ್ತೊಂದು ಸಾಲನ್ನು ಪೂರ್ತಿ ಕೊರೆದು ಎರಡನ್ನೂ ಓಡಿಸಿ ತೋರಿಸಿದೆ. ಹಿರಿಯ ಪ್ರೋಗ್ರಾಮರ್ ಗಡಿಯಾರ ನೋಡಿ, “ಇದು ತಪ್ಪು ಅಂತಿದ್ರಲ್ಲ?” ಎಂದರು. “ಬರೆದಿದ್ದು ಸರಿ ಇತ್ತು ಸರ್, ಒತ್ತಿದ್ದು ತಪ್ಪು,” ಎಂದೆ. ಚಿಕ್ಕದೇ ಇರಲಿ ಎಂದು ಒಪ್ಪಿದರು.

ಪ್ರೋಗ್ರಾಮಿನಲ್ಲಿ ಟಿಪ್ಪಣಿ ಕಾರ್ಡು ಎಂದಿರುತ್ತದೆ. ಕಾರ್ಡಿನ ಮೊದಲ ಕಾಲಂನಲ್ಲಿ ಒಂದು ಗುರುತು ಹಾಕಿದರೆ ಯಂತ್ರ ಆ ಕಾರ್ಡನ್ನು ಓದದೆ ದಾಟಿಹೋಗುತ್ತದೆ. ಮುಂದೆ ಯಾರಾದರೂ ಪ್ರೋಗ್ರಾಂ ತೆರೆದರೆ ಅವರಿಗಾಗಿ ಬರೆದಿಡುವ ಮಾತು ಅದು. ನಾನು ಅಂಥ ಮೂರು ಕಾರ್ಡು ಕೊರೆದೆ. ಒಂದರಲ್ಲಿ ಮೇಷ್ಟ್ರ ಪೂರ್ತಿ ಹೆಸರು. ಇನ್ನೊಂದರಲ್ಲಿ, ಇದು ಮೊದಲು ಬರೆದಾಗಲೇ ಸರಿಯಾಗಿತ್ತು ಎಂದು. ಮೂರನೆಯದರಲ್ಲಿ ನನ್ನ ಹೆಸರು, ಯಂತ್ರದ ನಂಬರು, ಇಪ್ಪತ್ತಮೂರನೇ ಸಾಲು ಬಿಟ್ಟವಳೂ ತಾನೇ ಪರೀಕ್ಷಿಸಿದವಳೂ ಇವಳೇ ಎಂದು. ಫೈಲಿಗೆ ಹೋಗದ ಮಾತು ಪ್ರೋಗ್ರಾಮಿಗೆ ಹೋಯಿತು. ಆ ಪ್ರೋಗ್ರಾಂ ಹದಿನೆಂಟು ವರ್ಷ ಓಡಿತು, ಹೊಸದಾಗಿ ಬಂದವರು ಒಬ್ಬೊಬ್ಬರೂ ಅದನ್ನು ತೆರೆದು ಓದಿ, ನನ್ನ ಮೇಜಿನ ಹತ್ತಿರ ಬಂದು, “ಮೇಡಂ, ಇದು ನೀವೇನಾ?” ಎಂದು ಕೇಳುತ್ತಿದ್ದರು. ಹೌದಪ್ಪಾ ಎನ್ನುತ್ತಿದ್ದೆ.

ಆದರೆ ಕಟ್ಟನ್ನು ಹೊಸ ಯಂತ್ರಕ್ಕೆ ಕೊಡುವ ಮುಂಚೆ ಅದನ್ನು ಹಿಡಿದುಕೊಂಡು ನೆಲಮಾಳಿಗೆಗೆ ಹೋಗಿದ್ದೆ. ಚೀಟಿ ಇರಲಿಲ್ಲ. ಕಟ್ಟನ್ನು ಅವರ ಮುಂದಿಟ್ಟೆ. ಅವರು ಮೊದಲನೇ ಕಾರ್ಡು ಎತ್ತಿಕೊಂಡರು, ಬೆರಳು ಎಳೆದರು. ಅದು ಅವರದೇ ಹೆಸರು. ಬೆರಳು ಅಲ್ಲೇ ನಿಂತಿತು. ಎರಡನೆಯದನ್ನು ಎರಡು ಸಲ ಓದಿದರು. ಮೂರನೆಯದನ್ನು ಓದಿ ಪಕ್ಕಕ್ಕೆ ತೆಗೆದಿಟ್ಟರು.

“ಈ ಕಾರ್ಡು ಬೇಡ. ತೆಗಿ. ಮಿಷನ್ ಹೇಗೂ ಓದಲ್ಲ ಇದನ್ನ.”

“ಮಿಷನ್‌ಗೆ ಅಂತ ಕೊರೆದಿದ್ದಲ್ಲ ಸರ್.”

“ನಿನ್ನ ಮರ್ಯಾದೆ ಹೋಗತ್ತೆ.”

“ನಿಮ್ಮದು ಆರು ವರ್ಷ ಹೋಗಿತ್ತಲ್ಲ.”

ಅವರು ಕಾರ್ಡನ್ನು ಮತ್ತೆ ಕೈಗೆ ತೆಗೆದುಕೊಂಡು ಬಹಳ ಹೊತ್ತು ಹಿಡಿದುಕೊಂಡರು. ಆಮೇಲೆ ಕಟ್ಟಿನಲ್ಲಿ ಅದರ ಜಾಗಕ್ಕೇ ಸೇರಿಸಿ, ಅಂಚುಗಳನ್ನು ಮೇಜಿಗೆ ಕುಟ್ಟಿ ಸಮ ಮಾಡಿ, ರಬ್ಬರು ಹಾಕಿದರು. ನಾನು ಆಗಲೇ ಬಿಕ್ಕುತ್ತಿದ್ದೆ. ಅವರಿಗೆ ಅದು ಕಾಣದಿದ್ದರೂ ಕೇಳಿಸಿರಬೇಕು.

“ಆರು ವರ್ಷ ನನ್ನ ಮೇಲೆ ನಾನೇ ಕೋಪ ಮಾಡ್ಕೊಂಡಿದ್ದೆ ಕಣಮ್ಮಾ,” ಎಂದರು. “ನಿನ್ನ ಮೇಲೆ ಎರಡು ತಿಂಗಳು ಮಾಡ್ಕೊಂಡೆ. ಸಾಕು ಅನ್ಸತ್ತೆ.”